ಮನೆಯಲ್ಲೇ ಕಟ್ಟಿಗೆ ಕಡೆಯುವ ವರ್ಕ್‌ಶಾಪ್: ಬೆಳಗಾವಿಯ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯವರಿಗೆ ಲೇತ್ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಮಷಿನ್ ಮೇಲೆ ಕೆಲಸ ಮಾಡುವವರು ಯಾರಾದರೊಬ್ಬರು ಪರಿಚಯದಲ್ಲಿ ಇದ್ದೇ ಇರುತ್ತಾರೆ. ಆದರೆ ಕಟ್ಟಿಗೆ ಕಡೆಯುವ ಲೇತ್ ಬೇರೆ ಥರ. ಇಲ್ಲಿ ಲೇತ್ ಕಟ್ಟಿಗೆಯನ್ನು ತಿರುಗಿಸುತ್ತದೆ, ಉಳಿ ನಮ್ಮ ಕೈಯಲ್ಲೇ ಇರುತ್ತದೆ. ಹೊಸದಾಗಿ ಶುರು ಮಾಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಓದಲು ಪುರುಸೊತ್ತು ಇಲ್ಲದಿದ್ದರೆ ಸಾಣೆಯ ಬಗ್ಗೆ ಇರುವುದನ್ನೂ ಕರೆಂಟ್ ಬಗ್ಗೆ ಇರುವುದನ್ನೂ ಮಾತ್ರ ಬಿಡಬೇಡಿ.

ಎಷ್ಟು ಜಾಗ ಬೇಕು?

ಎಂಟು ಅಡಿಗೆ ಹತ್ತು ಅಡಿ ಕೋಣೆ ಸಾಕು. ಒಂದು ಕಿಟಕಿ ಇರಲಿ. ನೆಲ ಗಟ್ಟಿ ಇರಬೇಕು, ಕಾಂಕ್ರೀಟ್ ಆದರೆ ಒಳ್ಳೆಯದು. ಮಹಡಿ ಮೇಲೆ ಇಟ್ಟರೆ ಸದ್ದು, ನಡುಕ ಕೆಳಗಿನವರಿಗೆ ಹೋಗುತ್ತದೆ. ಹಿತ್ತಲಿನ ಪತ್ರಾಸ್ ಶೆಡ್ಡೂ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಎರಚಲು ಹೊಡೆಯದಂತೆ ನೋಡಿಕೊಳ್ಳಿ. ಲೇತ್ ಅನ್ನು ಗೋಡೆಗೆ ಅಂಟಿಸಿ ಇಡಬೇಡಿ. ಹಿಂದೆ ಕೈ ಹಾಕಿ ಗುಡಿಸುವಷ್ಟು ಜಾಗ ಬಿಡಿ.

ಬೆಳಕು ಚೆನ್ನಾಗಿರಬೇಕು. ಹಳೆಯ ಟ್ಯೂಬ್‌ಲೈಟ್ ಒಂದನ್ನೇ ನಂಬಿಕೊಳ್ಳಬೇಡಿ. ಅದು ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತಿರುತ್ತದೆ. ಕೆಲವು ವೇಗಗಳಲ್ಲಿ ತಿರುಗುವ ಕಟ್ಟಿಗೆ ನಿಂತಂತೆ ಕಾಣಬಹುದು, ಅದು ಅಪಾಯ. ಒಳ್ಳೆಯ ಎಲ್‌ಇಡಿ ದೀಪ ತಲೆ ಮೇಲೊಂದು, ಪಕ್ಕದಿಂದ ಓರೆಯಾಗಿ ಬೀಳುವಂತೆ ಇನ್ನೊಂದು ಇರಲಿ. ಓರೆ ಬೆಳಕಿನಲ್ಲಿ ಉಳಿದ ಗೀರು ಒಂದೂ ತಪ್ಪಿಸಿಕೊಳ್ಳುವುದಿಲ್ಲ.

ಎಂಥ ಲೇತ್ ಕೊಳ್ಳಬೇಕು?

ಎರಡು ಅಳತೆ ನೋಡಿ. ಒಂದು, ಬೆಡ್ (ಲೇತ್‌ನ ಉದ್ದನೆಯ ತಳ) ಮೇಲೆ ಎಷ್ಟು ಅಗಲದ ಕಟ್ಟಿಗೆ ತಿರುಗುತ್ತದೆ ಅನ್ನುವುದು. ಇದಕ್ಕೆ ಸ್ವಿಂಗ್ ಅನ್ನುತ್ತಾರೆ. ಇನ್ನೊಂದು, ಎರಡು ಸೆಂಟರ್‌ಗಳ (ಕಟ್ಟಿಗೆಯನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವಿನ ಉದ್ದ. ಹನ್ನೆರಡು ಇಂಚು ಸ್ವಿಂಗ್, ಹದಿನೆಂಟು ಇಪ್ಪತ್ತು ಇಂಚು ಉದ್ದದ ಮಿಡಿ ಲೇತ್ ಹವ್ಯಾಸಕ್ಕೆ ಬಹಳ ಕಾಲ ಸಾಕಾಗುತ್ತದೆ. ಲಟ್ಟಣಿಗೆ, ಬಗರಿ, ಬಟ್ಟಲು, ಕುರ್ಚಿಯ ಸಣ್ಣ ಕಾಲು ಎಲ್ಲ ಅದರಲ್ಲಿ ಆಗುತ್ತವೆ. ಮಂಚದ ಕಾಲು ಕಡೆಯುವ ಆಸೆ ಇದ್ದರೆ ಬೆಡ್ ಉದ್ದ ಜಾಸ್ತಿ ಬೇಕು.

ಮೋಟರ್ ಒಂದು ಎಚ್‌ಪಿ ಇದ್ದರೆ ನೆಮ್ಮದಿ. ಅರ್ಧ ಎಚ್‌ಪಿ ಸಣ್ಣ ಕೆಲಸಕ್ಕೆ ಸರಿ, ದೊಡ್ಡ ಬಟ್ಟಲಿಗೆ ಒದ್ದಾಡುತ್ತದೆ.

ತೂಕ ನೋಡಿ. ಎರಕದ ಕಬ್ಬಿಣದ ಬೆಡ್ ಇರುವ ಭಾರದ ಲೇತ್ ಅಲುಗಾಡುವುದಿಲ್ಲ. ತಗಡಿನ ಬೆಡ್ ಇರುವುದು ನೋಡಲು ಚೆಂದ, ಆದರೆ ಕಟ್ಟಿಗೆ ಸ್ವಲ್ಪ ವಾರೆ ಇದ್ದರೂ ಕುಣಿಯುತ್ತದೆ. ಇರುವ ಲೇತ್ ಹಗುರ ಅನ್ನಿಸಿದರೆ ಸ್ಟ್ಯಾಂಡಿನ ಕೆಳಗೆ ಮರಳಿನ ಚೀಲ ಹೇರಿ.

ಎತ್ತರವೂ ಮುಖ್ಯ. ಲೇತ್ ಮುಂದೆ ನಿಂತು ಮೊಣಕೈ ಮಡಿಸಿ. ಸ್ಪಿಂಡಲ್‌ನ (ಕಟ್ಟಿಗೆಯನ್ನು ತಿರುಗಿಸುವ ದಂಡದ) ಮಧ್ಯಬಿಂದು ಆ ಮೊಣಕೈ ಮಟ್ಟಕ್ಕೆ ಬರಬೇಕು. ತಗ್ಗಾದರೆ ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತದೆ.

ಹ್ಯಾಂಡ್ ಡ್ರಿಲ್‌ಗೆ ಜೋಡಿಸುವ ಲೇತ್ ಸಿಗುತ್ತದಲ್ಲ, ಅದು ಆಗುವುದಿಲ್ಲವಾ?

ಡ್ರಿಲ್ ಇರುವುದು ನೇರ ಒತ್ತಡಕ್ಕೆ. ಪಕ್ಕದಿಂದ ಒತ್ತಡ ಬಿದ್ದರೆ ಬೇರಿಂಗ್ ಬೇಗ ಹಾಳಾಗುತ್ತದೆ. ಮಣಿ, ಪೆನ್ನು ಮಾಡಿ ನೋಡಲು ಸರಿ. ಬಟ್ಟಲಿಗೆ ಬೇಡವೇ ಬೇಡ.

ನಮ್ಮ ವರ್ಕ್‌ಶಾಪ್‌ನಲ್ಲಿ ಕಬ್ಬಿಣದ ಲೇತ್ ಇದೆ. ಅದರಲ್ಲೇ ಕಟ್ಟಿಗೆ ಕಡೆಯಬಹುದಾ?

ಈ ಪ್ರಶ್ನೆಯನ್ನು ಬೆಳಗಾವಿಯಲ್ಲಿ ಬಹಳ ಜನ ಕೇಳುತ್ತಾರೆ. ಸಣ್ಣ ಹಿಡಿಕೆ, ಗುಂಡಿ ಮಾಡಬಹುದು. ಹವ್ಯಾಸವಾಗಿ ಅದರ ಮೇಲೆಯೇ ಕೂರುವುದು ಒಳ್ಳೆಯದಲ್ಲ. ಟೂಲ್ ಹಿಡಿದು ಓಡಾಡುವ ಕ್ಯಾರೇಜ್ ಅಡ್ಡ ಬರುತ್ತದೆ, ಕೈ ಉಳಿ ಊರಲು ಟೂಲ್‌ರೆಸ್ಟ್ ಇರುವುದಿಲ್ಲ. ಸಣ್ಣ ವ್ಯಾಸದ ಕಟ್ಟಿಗೆಗೆ ಬೇಕಾದ ವೇಗ ಹಳೆಯ ಮಷಿನ್‌ಗಳಲ್ಲಿ ಸಿಗುವುದಿಲ್ಲ. ಕಟ್ಟಿಗೆಯ ಪುಡಿ ಬೆಡ್ ಮೇಲಿನ ಎಣ್ಣೆ ಹೀರಿ ರಾಡಿಯಾಗುತ್ತದೆ. ಹಸಿ ಕಟ್ಟಿಗೆಯ ರಸ ತಾಗಿದರೆ ಒಂದೇ ರಾತ್ರಿಯಲ್ಲಿ ಬೆಡ್ ಕಪ್ಪಗೆ ಕಲೆ ಹಿಡಿಯುತ್ತದೆ. ದುಬಾರಿ ಮಷಿನ್‌ಗೆ ಯಾಕೆ ಆ ಗತಿ ತರಬೇಕು ಹೇಳಿ?

ಆದರೆ ಆ ವರ್ಕ್‌ಶಾಪ್ ನಿಮಗೆ ಬೇರೆ ರೀತಿಯಲ್ಲಿ ದೊಡ್ಡ ಆಸ್ತಿ. ಫೇಸ್‌ಪ್ಲೇಟ್ (ಕಟ್ಟಿಗೆಯನ್ನು ಸ್ಕ್ರೂ ಹಾಕಿ ಕೂರಿಸುವ ತಟ್ಟೆ), ಉದ್ದ ಅಗಲದ ಟೂಲ್‌ರೆಸ್ಟ್, ಚಕ್‌ನ (ಕಟ್ಟಿಗೆಯನ್ನು ಕಚ್ಚಿ ಹಿಡಿಯುವ ಸಾಧನದ) ಅಡಾಪ್ಟರ್ ಎಲ್ಲ ಅಲ್ಲಿಯೇ ಮಾಡಿಸಿಕೊಳ್ಳಬಹುದು. ಬೇರೆ ಊರಿನ ಹವ್ಯಾಸಿಗಳು ಇವಕ್ಕೆ ಆನ್‌ಲೈನ್‌ನಲ್ಲಿ ತರಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ನಮ್ಮಲ್ಲಿ ಟರ್ನರ್‌ಗೆ ಸ್ಪಿಂಡಲ್‌ನ ಅಳತೆ ಕೊಟ್ಟರೆ ಕೆಲಸ ಆಯಿತು. ಹೋಗುವಾಗ ಥ್ರೆಡ್ ಅಳತೆ ಬರೆದುಕೊಂಡು ಹೋಗಿ. ಮಿಡಿ ಲೇತ್‌ಗಳಲ್ಲಿ ಸಾಮಾನ್ಯವಾಗಿ ಒಂದು ಇಂಚು ವ್ಯಾಸ, ಇಂಚಿಗೆ 8 ಥ್ರೆಡ್. ಯುರೋಪ್ ಮಾದರಿಯ ದೊಡ್ಡ ಲೇತ್‌ಗಳಲ್ಲಿ ಎಂ33 (33 ಮಿ.ಮೀ. ವ್ಯಾಸ), ಪಿಚ್ 3.5 ಮಿ.ಮೀ. ಸ್ಥಳೀಯವಾಗಿ ಮಾಡಿದ ಲೇತ್‌ನಲ್ಲಿ ಯಾವುದೂ ಇರಬಹುದು, ಆದ್ದರಿಂದ ಅಳೆಯದೆ ಚಕ್ ಕೊಳ್ಳಬೇಡಿ.

ದುಡ್ಡು ಹೇಗೆ ಹಂಚಬೇಕು?

ಲೇತ್‌ಗೆ ಎಷ್ಟು ಕೊಡುತ್ತೀರೋ ಹೆಚ್ಚುಕಡಿಮೆ ಅಷ್ಟೇ ಉಳಿದದ್ದಕ್ಕೆ ಇಟ್ಟುಕೊಳ್ಳಿ. ಉಳಿ, ಗ್ರೈಂಡರ್, ಸಾಣೆ ಜಿಗ್ (ಉಳಿಯನ್ನು ಒಂದೇ ಕೋನದಲ್ಲಿ ಹಿಡಿಯುವ ಸಾಧನ), ಚಕ್, ಫೇಸ್ ಶೀಲ್ಡ್, ವೈರಿಂಗ್ ಎಲ್ಲ ಸೇರಿದರೆ ಅಲ್ಲಿಗೇ ಬರುತ್ತದೆ. ಇದ್ದಬದ್ದ ದುಡ್ಡನ್ನೆಲ್ಲ ಲೇತ್‌ಗೆ ಸುರಿದು, ಮೊಂಡು ಉಳಿ ಹಿಡಿದು ಕಟ್ಟಿಗೆ ಹರಿಯುತ್ತ ಕೂತವರು ಬೇಗ ಬೇಸತ್ತು ಲೇತ್‌ಗೆ ಬಟ್ಟೆ ಮುಚ್ಚಿಬಿಡುತ್ತಾರೆ. ಸಾಧಾರಣ ಲೇತ್, ಚೂಪಾದ ಉಳಿ ಇದ್ದವರು ಮಾತ್ರ ಮುಂದೆ ಹೋಗುತ್ತಾರೆ. ನಾನು ಖಡಾಖಂಡಿತವಾಗಿ ಹೇಳುವ ಮಾತು ಇದು.

ಮೊದಲು ಯಾವ ಉಳಿ ಬೇಕು?

ಎಂಟು ಹತ್ತು ಉಳಿಗಳ ಸೆಟ್ ಬೇಡ. ಅದರಲ್ಲಿ ಅರ್ಧ ಸುಮ್ನೆ ಗೋಡೆಗೆ ತೂಗುತ್ತವೆ. ಗೌಜ್ ಅಂದರೆ ಉದ್ದಕ್ಕೂ ತೋಡು ಇರುವ ಉಳಿ. ಒರಟು ತುಂಡನ್ನು ದುಂಡಗೆ ಮಾಡುವ ಒಂದು ರಫಿಂಗ್ ಗೌಜ್, ಉಬ್ಬು ತಗ್ಗು ಕೊಯ್ಯುವ ಒಂದು ಸ್ಪಿಂಡಲ್ ಗೌಜ್, ತುಂಡನ್ನು ಕತ್ತರಿಸಿ ಬೇರ್ಪಡಿಸುವ ಒಂದು ಪಾರ್ಟಿಂಗ್ ಟೂಲ್ ಇದ್ದರೆ ಉದ್ದನೆಯ ಕೆಲಸ ಪೂರ್ತಿ ಆಗುತ್ತದೆ. ಬಟ್ಟಲು ಮಾಡುವಾಗ ಅರ್ಧ ಇಂಚಿನ ಬೌಲ್ ಗೌಜ್, ಕೆರೆಯಲು ಒಂದು ದುಂಡು ತುದಿಯ ಸ್ಕ್ರೇಪರ್ ಸೇರಿಸಿಕೊಳ್ಳಿ. ಓರೆ ಅಂಚಿನ ಸ್ಕ್ಯೂ ಚಿಸೆಲ್ ಕಲಿಯಲು ಕಷ್ಟ, ಆದರೆ ಒಮ್ಮೆ ಕೈಗೆ ಹತ್ತಿದರೆ ಅದು ಬಿಟ್ಟುಹೋಗುವ ನುಣುಪಿಗೆ ಪಾಲಿಶ್ ಪೇಪರ್ ಬೇಡ ಅನ್ನಿಸುತ್ತದೆ.

ಹೈಸ್ಪೀಡ್ ಸ್ಟೀಲ್ ಉಳಿಯನ್ನೇ ಕೊಳ್ಳಿ. ಬಡಿಗರ ಸಾದಾ ಉಳಿ ಇಲ್ಲಿ ನಡೆಯುವುದಿಲ್ಲ. ಅದು ತೆಳು, ಹಿಡಿಕೆ ಗಿಡ್ಡ.

ಒಂದು ಎಚ್ಚರಿಕೆ. ರಫಿಂಗ್ ಗೌಜ್ ಅನ್ನು ಬಟ್ಟಲಿಗೆ ಯಾವತ್ತೂ ಹಚ್ಚಬೇಡಿ. ಅದರ ಹಿಡಿಕೆಯೊಳಗೆ ಹೋಗುವ ಬಾಲ ಸಣ್ಣದು. ಬಟ್ಟಲಿನ ಅಡ್ಡ ನಾರಿಗೆ ಸಿಕ್ಕಿಕೊಂಡರೆ ಅಲ್ಲೇ ಮುರಿದು ಮುಖಕ್ಕೆ ಬರಬಹುದು.

ಕಾರ್ಬೈಡ್ ತುದಿಯ ಉಳಿಗೆ ಸಾಣೆ ಬೇಡವಂತೆ, ಅದನ್ನೇ ತಗೋಬಹುದಾ?

ತಗೊಳ್ಳಿ, ತಪ್ಪಿಲ್ಲ. ಮೊಂಡಾದರೆ ತುದಿ ತಿರುಗಿಸಿ ಹಾಕಿದರೆ ಆಯಿತು. ಆದರೆ ಅದು ಕೆರೆಯುತ್ತದೆ, ಗೌಜ್‌ನ ಹಾಗೆ ಕೊಯ್ಯುವುದಿಲ್ಲ. ಮೆತ್ತನೆಯ ಕಟ್ಟಿಗೆಯಲ್ಲಿ ನಾರು ಎದ್ದು ಪಾಲಿಶ್ ಪೇಪರ್ ಕೆಲಸ ಜಾಸ್ತಿಯಾಗುತ್ತದೆ.

ಸಾಣೆ ಹೇಗೆ ಹಿಡಿಯಬೇಕು? ಪೇಟೆಯಲ್ಲಿ ಸಾಣೆ ಹಿಡಿಸಿಕೊಂಡು ಬಂದರೆ ಸಾಲದಾ?

ಸಾಲದು. ಜಾಲಿಯಂಥ ಗಟ್ಟಿ ಕಟ್ಟಿಗೆ ಕಡೆಯುವಾಗ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಉಳಿಯನ್ನು ಕಲ್ಲಿಗೆ ತಾಗಿಸಬೇಕಾಗುತ್ತದೆ. ಪ್ರತಿ ಸಲ ಪೇಟೆಗೆ ಹೋಗಲಾಗುತ್ತದಾ? ಗ್ರೈಂಡರ್ ಲೇತ್‌ನಿಂದ ಎರಡು ಹೆಜ್ಜೆ ದೂರದಲ್ಲೇ ಇರಬೇಕು. ದೂರ ಇದ್ದರೆ ಮನಸ್ಸು 'ಇರಲಿ, ಇದೊಂದು ಮುಗಿಸಿಬಿಡೋಣ' ಅನ್ನುತ್ತದೆ, ಅಲ್ಲೇ ಕೆಲಸ ಕೆಡುತ್ತದೆ.

ಆರಿಂದ ಎಂಟು ಇಂಚಿನ ಬೆಂಚ್ ಗ್ರೈಂಡರ್ ಸಾಕು. ನಮ್ಮಲ್ಲಿ ಸಿಗುವ ಹೆಚ್ಚಿನವು ನಿಮಿಷಕ್ಕೆ 2800 ಸುತ್ತಿನ ಆಸುಪಾಸು ತಿರುಗುತ್ತವೆ. 1440 ಸುತ್ತಿನದು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದಕ್ಕಾಗಿ ಕಾದು ಕೂರಬೇಕಿಲ್ಲ. ಜೊತೆಗೆ ಬರುವ ಬೂದು ಕಲ್ಲು ತೆಗೆದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಹಾಕಿ, 80 ಗ್ರಿಟ್ (ಕಲ್ಲಿನ ಕಣದ ನಂಬರ್) ಇರಲಿ. ಕಲ್ಲಿನ ಮುಖ ಸಮ ಮಾಡಲು ಡ್ರೆಸ್ಸರ್ ಬೇಕು. ಕೋನ ಪ್ರತಿ ಸಲ ಒಂದೇ ಬರಲು ಜಿಗ್ ಬೇಕು. ಉಳಿಯ ಹಿಂಬದಿ ಕೂರುವ ವಿ ಆಕಾರದ ಉದ್ದನೆಯ ತೋಳಿನ ಜಿಗ್ ಅನ್ನು ಚಿತ್ರ ತೋರಿಸಿದರೆ ಒಳ್ಳೆಯ ಫ್ಯಾಬ್ರಿಕೇಟರ್ ಮಾಡಿಕೊಡುತ್ತಾನೆ.

ಈಗ ಕೆಲಸ ನೋಡಿ. ಉಳಿಯ ಇಳಿಜಾರಿನ ಮುಖಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. ಗ್ರೈಂಡರ್ ಆಫ್ ಇರುವಾಗಲೇ ಉಳಿ ಇಟ್ಟು ಕಲ್ಲನ್ನು ಕೈಯಿಂದ ತಿರುಗಿಸಿ. ಕಪ್ಪು ಹಿಂಬದಿಯಲ್ಲಿ ಮಾತ್ರ ಅಳಿಸಿದರೆ ಕೋನ ತೀರಾ ಚೂಪು ಕಡೆ ಹೋಗಿದೆ. ತುದಿಯಲ್ಲಿ ಮಾತ್ರ ಅಳಿಸಿದರೆ ಮೊಂಡು ಕಡೆ ಹೋಗಿದೆ. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಅಳಿಸಿದರೆ ಕೋನ ಸರಿಯಾಗಿದೆ. ಆಮೇಲೆ ಸ್ವಿಚ್ ಹಾಕಿ. ಒತ್ತಬೇಡಿ, ಉಳಿಯ ಭಾರವೇ ಸಾಕು. ಮೊದಲು ಕಿಡಿ ಉಳಿಯ ಕೆಳಗಿನಿಂದ ಹಾರುತ್ತವೆ. ಒಂದೆರಡು ಕಿಡಿ ಅಂಚು ದಾಟಿ ಮೇಲೆ ಹರಿಯಲು ಶುರುವಾದ ಕೂಡಲೇ ನಿಲ್ಲಿಸಿ. ಇನ್ನೂ ಉಜ್ಜಿದರೆ ಸವೆಯುವುದು ನಿಮ್ಮ ದುಡ್ಡು.

ಚೂಪಾಗಿದೆಯಾ ಅಂತ ನೋಡಲು ಬೆರಳು ಹಚ್ಚಬೇಡಿ. ಅಂಚನ್ನು ದೀಪದ ಕಡೆ ಹಿಡಿಯಿರಿ. ಮೊಂಡಾದ ಕಡೆ ಬಿಳಿ ಗೆರೆ ಹೊಳೆಯುತ್ತದೆ. ಚೂಪಾದ ಅಂಚಿನಲ್ಲಿ ಏನೂ ಕಾಣುವುದಿಲ್ಲ.

ಕೋನಗಳು: ಸ್ಪಿಂಡಲ್ ಗೌಜ್ 40 ಡಿಗ್ರಿ ಆಸುಪಾಸು, ರಫಿಂಗ್ ಗೌಜ್ 45, ಬೌಲ್ ಗೌಜ್ 55ರಿಂದ 60, ಸ್ಕ್ರೇಪರ್ 70ರಿಂದ 80. ಹೈಸ್ಪೀಡ್ ಸ್ಟೀಲ್ ನೀಲಿಗಟ್ಟಿದರೆ ಗಾಬರಿ ಬೇಡ, ಅದರ ಹದ ಕೆಡುವುದಿಲ್ಲ. ಬಿಸಿ ಇರುವಾಗ ನೀರಿಗೆ ಅದ್ದಬೇಡಿ, ಕಾಣದ ಸಣ್ಣ ಬಿರುಕು ಬೀಳಬಹುದು. ಹಳೆಯ ಕಾರ್ಬನ್ ಸ್ಟೀಲ್ ಉಳಿಯ ಕತೆ ತಿರುಗುಮುರುಗು. ಅದು ನೀಲಿಯಾದರೆ ಹದ ಹೋಯಿತು ಅಂತಲೇ ಅರ್ಥ, ಅದನ್ನು ಆಗಾಗ ನೀರಿಗೆ ಅದ್ದುತ್ತಲೇ ಇರಬೇಕು.

ಚಕ್ ಬೇಕೇ ಬೇಕಾ?

ಲಟ್ಟಣಿಗೆಗೆ ಬೇಡ, ಎರಡು ಸೆಂಟರ್ ಸಾಕು. ಬಟ್ಟಲಿಗೆ ಫೇಸ್‌ಪ್ಲೇಟ್ ಮೇಲೂ ಶುರು ಮಾಡಬಹುದು, ಆದರೆ ನಾಲ್ಕು ಜಾ (ದವಡೆ) ಒಟ್ಟಿಗೆ ಬಿಗಿಯುವ ಸ್ಕ್ರೋಲ್ ಚಕ್ ಇದ್ದರೆ ಕೆಲಸ ಸಲೀಸು. ಚಕ್ ಹಿಡಿಯಲೆಂದು ಕಟ್ಟಿಗೆಯ ತಳದಲ್ಲಿ ಬಿಡುವ ಗಿಡ್ಡ ಗೂಟ, ಅಂದರೆ ಟೆನನ್, ಚಕ್‌ನ ತಳಕ್ಕೆ ತಾಗಬಾರದು. ಅದರ ಭುಜ ಜಾಗಳ ಮೇಲ್ಮುಖಕ್ಕೆ ಅಪ್ಪಿ ಕೂರಬೇಕು. ಹಾಗೆ ಕೂತರೆ ಮಾತ್ರ ಹಿಡಿತ ಗಟ್ಟಿ.

ಕರೆಂಟ್ ವ್ಯವಸ್ಥೆ ಹೇಗಿರಬೇಕು?

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಶುರುವಾಗುವ ಹೊತ್ತಿನಲ್ಲಿ ಮೋಟರ್ ಇದರ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ 16 ಆಂಪ್ ಸಾಕೆಟ್, ಅದಕ್ಕೇ ಪ್ರತ್ಯೇಕ ಎಂಸಿಬಿ (ಕರೆಂಟ್ ಹೆಚ್ಚಾದರೆ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಹೆಸ್ಕಾಂನ ಮನೆ ಕನೆಕ್ಷನ್ ಸಿಂಗಲ್ ಫೇಸ್ ಇದ್ದರೂ ತೊಂದರೆ ಇಲ್ಲ. ತ್ರೀ ಫೇಸ್ ಮೋಟರ್ ಇರುವ ಹಳೆಯ ಲೇತ್ ಸಿಕ್ಕರೆ ವಿಎಫ್‌ಡಿ (ಮೋಟರ್‌ನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಸಿಂಗಲ್ ಫೇಸ್‌ನಲ್ಲೇ ಓಡಿಸಬಹುದು. ಮೋಟರ್ ಸ್ಟಾರ್ ಜೋಡಣೆಯಲ್ಲಿದ್ದರೆ ಡೆಲ್ಟಾಗೆ ಬದಲಿಸಬೇಕಾಗುತ್ತದೆ, ಅದನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ವಿಎಫ್‌ಡಿಯಿಂದ ಗುಂಡಿ ತಿರುಗಿಸಿ ವೇಗ ಬದಲಿಸುವ ಸುಖವೂ ಸಿಗುತ್ತದೆ.

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ಕಡೆಯುತ್ತಿರುವಾಗ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ನೀವು ಕಟ್ಟಿಗೆ ಮುಟ್ಟಿ ನೋಡುತ್ತೀರಿ, ಚಕ್‌ನ ಕೀ ಹಾಕಿ ಸಡಿಲಿಸುತ್ತೀರಿ. ಅಷ್ಟರಲ್ಲಿ ಕರೆಂಟ್ ಬಂತು. ಸಾದಾ ಸ್ವಿಚ್ ಆಗಿದ್ದರೆ ಲೇತ್ ತಾನೇ ಶುರುವಾಗುತ್ತದೆ, ಕೈ ಅಲ್ಲೇ ಇರುತ್ತದೆ. ಇದನ್ನು ತಪ್ಪಿಸಲು ನೋ ವೋಲ್ಟ್ ರಿಲೀಸ್ ಇರುವ ಸ್ವಿಚ್ ಹಾಕಿಸಿ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್‌ನಲ್ಲಿ ಇರುವುದೂ ಇದೇ. ಹಸಿರು ಗುಂಡಿ ಒತ್ತುವವರೆಗೂ ಶುರುವಾಗುವುದಿಲ್ಲ. ಆದರೆ ಕರೆಂಟ್ ಬಂದ ಕೂಡಲೇ ಪಂಪ್ ಶುರು ಮಾಡುವ ಆಟೋ ಸ್ಟಾರ್ಟರ್ ಇರುತ್ತದಲ್ಲ, ಅದನ್ನು ಮಾತ್ರ ಲೇತ್ ಹತ್ತಿರ ತರಬೇಡಿ. ವಿಎಫ್‌ಡಿ ಹಾಕಿಸಿದರೂ ತಾನೇ ಮರುಶುರು ಆಗದಂತೆ ಸೆಟ್ಟಿಂಗ್ ಮಾಡಿಸಿ. ಕರೆಂಟ್ ಹೋದ ಕೂಡಲೇ ಪ್ಲಗ್‌ನ ಸ್ವಿಚ್ ಆಫ್ ಮಾಡುವುದು ಅಭ್ಯಾಸವಾಗಲಿ.

ಎಷ್ಟು ವೇಗದಲ್ಲಿ ಓಡಿಸಬೇಕು?

ಇಂಚಿನಲ್ಲಿ ವ್ಯಾಸ, ಅದಕ್ಕೆ ನಿಮಿಷದ ಸುತ್ತು ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. ಎಂಟು ಇಂಚಿನ ಬಟ್ಟಲಿಗೆ 750ರಿಂದ 1100. ಎರಡೂವರೆ ಇಂಚಿನ ಲಟ್ಟಣಿಗೆ ತುಂಡಿಗೆ 2400ರಿಂದ ಮೇಲೆ ಹೋಗಬಹುದು. ಇದು ಕಟ್ಟಿಗೆ ದುಂಡಗಾದ ಮೇಲಿನ ಲೆಕ್ಕ. ಒರಟು ತುಂಡಾಗಿದ್ದರೆ ಇರುವುದರಲ್ಲೇ ಕಡಿಮೆ ವೇಗದಿಂದ ಶುರು ಮಾಡಿ. ಸ್ವಿಚ್ ಹಾಕುವ ಮುಂಚೆ ಕಟ್ಟಿಗೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿ, ಕಟ್ಟಿಗೆ ಹಾರಿದರೆ ಬರುವ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಿ.

ಮೈಮೇಲೆ ಏನಿರಬೇಕು, ಏನಿರಬಾರದು?

ಗಲ್ಲದವರೆಗೆ ಮುಚ್ಚುವ ಫೇಸ್ ಶೀಲ್ಡ್ ಇರಬೇಕು. ಬರೀ ಕನ್ನಡಕ ಸಾಲದು. ಕೈಗವಸು ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ. ಉಂಗುರ, ಗಡಿಯಾರ, ಬಳೆ ತೆಗೆದಿಡಿ. ಉದ್ದ ಕೂದಲು ಕಟ್ಟಿ. ಸೆರಗು, ದುಪಟ್ಟಾ, ಲುಂಗಿ ಬೇಡ. ನಮ್ಮ ಕಡೆ ಹೆಗಲ ಮೇಲೆ ಟಾವೆಲ್ ಹಾಕಿಕೊಳ್ಳುವ ರೂಢಿ ಇದೆ. ಬಗ್ಗಿದಾಗ ಅದು ಜಾರಿ ಲೇತ್ ಮೇಲೆ ಬೀಳುತ್ತದೆ, ಆದ್ದರಿಂದ ಬಾಗಿಲ ಹೊರಗೇ ಗೂಟಕ್ಕೆ ಹಾಕಿ ಬನ್ನಿ. ಪಾಲಿಶ್ ಹಚ್ಚಲು ಬಟ್ಟೆಯ ಬದಲು ಪೇಪರ್ ಟವೆಲ್ ಬಳಸಿ. ಸಿಕ್ಕಿಕೊಂಡರೆ ಅದು ಹರಿಯುತ್ತದೆ, ಬೆರಳು ಉಳಿಯುತ್ತದೆ.

ಧೂಳಿಗೆ ಏನು ಮಾಡಬೇಕು?

ಸುರುಳಿ ಸುರುಳಿಯಾಗಿ ಬೀಳುವ ಹೊಟ್ಟಿನಿಂದ ತೊಂದರೆ ಇಲ್ಲ. ಪಾಲಿಶ್ ಪೇಪರ್ ಹಚ್ಚಿದಾಗ ಏಳುವ ಸಣ್ಣ ಧೂಳು ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕಟ್ಟಿಗೆಯ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್95 ಮಾಸ್ಕ್ ಹಾಕಿ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಬೀಟೆ, ಬೇವಿನ ಧೂಳು ಕೆಲವರಿಗೆ ಮೂಗು, ಗಂಟಲು, ಚರ್ಮಕ್ಕೆ ಆಗಿಬರುವುದಿಲ್ಲ. ಗ್ರೈಂಡರ್‌ನ ಕಿಡಿ ಬೀಳುವ ಕಡೆ ಹೊಟ್ಟು ಗುಡ್ಡೆಯಾಗಲು ಬಿಡಬೇಡಿ.

ಕಟ್ಟಿಗೆ ಎಲ್ಲಿ ಸಿಗುತ್ತದೆ?

ಸಾ ಮಿಲ್‌ನ ತುಂಡುಗಳಿಂದ ಶುರು ಮಾಡಿ. ಹಳೆಯ ಮನೆ ಬಿಚ್ಚಿದಾಗ ಸಿಗುವ ಸಾಗವಾನಿ ಜಂತಿ, ಚೌಕಟ್ಟು ಒಣಗಿ ಹದವಾಗಿರುತ್ತವೆ. ಕಡೆಯುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಸಾಗವಾನಿಯಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ಇದು ನೆನಪಿರಲಿ. ಕಲಿಯುವವರಿಗೆ ಮಾವು ಒಳ್ಳೆಯದು, ಅಗ್ಗ, ಮೆತ್ತಗೆ ಕೊಯ್ಯುತ್ತದೆ. ಹಲಸಿನ ಹಳದಿ ಬಣ್ಣ ಚೆಂದ. ಜಾಲಿ, ಹುಣಸೆ ಗಟ್ಟಿ, ಬಾಳಿಕೆ ಜಾಸ್ತಿ. ನೀಲಗಿರಿ ಸೀಳುತ್ತದೆ. ಚನ್ನಪಟ್ಟಣದವರು ಆಟಿಕೆಗೆ ಬಳಸುವ ಆಲೆ ಮರ ಬಿಳಿ, ನಯ, ಬಣ್ಣ ಹಿಡಿಯುತ್ತದೆ. ಕಣಗಿಲೆ ವಿಷ, ಊಟದ ಸಾಮಾನಿಗೆ ಬೇಡವೇ ಬೇಡ.

ಖಾನಾಪುರದ ಕಾಡು ಹತ್ತಿರ ಇದೆ ಅಂತ ಅಲ್ಲಿಂದ ಸುಮ್ನೆ ಎತ್ತಿಕೊಂಡು ಬರಬೇಡಿ. ಸ್ವಂತ ಹೊಲದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಎಷ್ಟೋ ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆ, ಸಾಗವಾನಿ ಕೊಂಡರೆ ಬಿಲ್ ಇಟ್ಟುಕೊಳ್ಳಿ.

ಹಸಿ ಕಟ್ಟಿಗೆ ಸೀಳದಂತೆ ಒಣಗಿಸುವುದು ಹೇಗೆ?

ದಿಮ್ಮಿಯನ್ನು ತಿರುಳಿನ ನಡುವೆಯೇ ಉದ್ದಕ್ಕೆ ಸೀಳಿ ಎರಡು ಮಾಡಿ. ತಿರುಳು ಒಳಗೇ ಉಳಿದರೆ ಬಿರುಕು ಖಾತ್ರಿ. ಕತ್ತರಿಸಿದ ತುದಿಗಳಿಗೆ ಮೇಣವೋ ಹಳೆಯ ಪೇಂಟೋ ಬಳಿಯಿರಿ. ಬಟ್ಟಲನ್ನು ಹಸಿಯಲ್ಲೇ ದಪ್ಪಗೆ ಕಡೆದಿಡಬಹುದು. ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಇರಲಿ, ಹತ್ತು ಇಂಚಿನ ಬಟ್ಟಲಿಗೆ ಒಂದು ಇಂಚು. ಅದರದೇ ಹೊಟ್ಟು ತುಂಬಿದ ಕಾಗದದ ಚೀಲದಲ್ಲಿ ನೆರಳಲ್ಲಿಡಿ. ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ತಳದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿದೆ. ಅಷ್ಟು ಹೊತ್ತಿಗೆ ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಮತ್ತೆ ಲೇತ್‌ಗೆ ಏರಿಸಿ ದುಂಡಗೆ ಮಾಡಿ.

ಬೆಳಗಾವಿಯ ಮಳೆಗಾಲದಲ್ಲಿ ಒಣಗುವುದು ನಿಧಾನ, ಬೂಸು ಹಿಡಿಯದಂತೆ ಗಾಳಿಯಾಡಿಸಿ. ವಿಜಯಪುರ, ಬಾಗಲಕೋಟೆಯವರಿಗೆ ತೊಂದರೆ ಬೇರೆ. ಅಲ್ಲಿಯ ಬೇಸಿಗೆಯ ಒಣ ಗಾಳಿಗೆ ಕಟ್ಟಿಗೆ ಬೇಗ ಒಣಗಿ ಸೀಳುತ್ತದೆ. ಅಲ್ಲಿ ಚೀಲ ಎರಡು ಪದರ ಇರಲಿ, ಫ್ಯಾನ್ ಗಾಳಿ ತಾಗದಿರಲಿ.

ಊಟದ ಸಾಮಾನಿಗೆ ಯಾವ ಎಣ್ಣೆ ಹಚ್ಚಬೇಕು?

ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಇವು ಗಟ್ಟಿಯಾಗುವುದಿಲ್ಲ, ಶೇಂಗಾ ಎಣ್ಣೆಯಂತೂ ಕಮಟು ವಾಸನೆ ಹೊಡೆಯುತ್ತದೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರವಾಗುತ್ತದೆ. ಗಾಣದಿಂದ ತಂದ ತಿನ್ನುವ ಅಗಸಿ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒರೆಸಿ, ವಾರಗಟ್ಟಲೆ ಒಣಗಲು ಬಿಡಿ. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್ ಬೇಗ ಒಣಗುತ್ತದೆ, ಆದರೆ ಅದರಲ್ಲಿ ಲೋಹದ ರಾಸಾಯನಿಕ ಬೆರೆತಿರುತ್ತದೆ. ಅದನ್ನು ಹೂದಾನಿ, ದೀಪದ ಕಂಬಕ್ಕೆ ಇಟ್ಟುಕೊಳ್ಳಿ. ಅಗಸಿ ಎಣ್ಣೆ ಒರೆಸಿದ ಕಾಗದವನ್ನೋ ಬಟ್ಟೆಯನ್ನೋ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹಾಕಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬಣ್ಣದ ಹೊಳಪು ಬೇಕೆನ್ನುವವರು ಅರಗಿನ ಕೆಲಸ ಕಲಿಯಿರಿ. ಅರಗಿನ ಕಡ್ಡಿಯನ್ನು ತಿರುಗುವ ಕಟ್ಟಿಗೆಗೆ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತುತ್ತದೆ. ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಕಲಘಟಗಿ ತೊಟ್ಟಿಲುಗಳ ಬಣ್ಣವೂ ಅರಗಿನದೇ.

ವಿನ್ಯಾಸ ಎಲ್ಲಿಂದ ಕಲಿಯಬೇಕು?

ಬೆಳಗಾವಿ ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲ ಬಸದಿ ಇದೆಯಲ್ಲ, ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋಗಿ. ಕಂಬಗಳ ಪಕ್ಕದ ಗೆರೆಯನ್ನು ಬರೆದುಕೊಳ್ಳಿ. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಚೂಪು ಏಣು ಅಂತ ನೋಡಿ. ಉಬ್ಬಿನ ಪಕ್ಕ ತಗ್ಗು ಬಂದಾಗ ನಡುವೆ ಸಣ್ಣ ಮೆಟ್ಟಿಲು ಬಿಟ್ಟರೆ ನೆರಳು ಎಷ್ಟು ಸ್ಪಷ್ಟ ಬೀಳುತ್ತದೆ ಅನ್ನುವುದು ಕಲ್ಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಕಟ್ಟಿಗೆಗೂ ನಡೆಯುತ್ತದೆ.

ಮಳೆಗಾಲದಲ್ಲಿ ಲೇತ್ ತುಕ್ಕು ಹಿಡಿಯುತ್ತದೆ, ಏನು ಮಾಡಲಿ?

ಕೆಲಸ ಮುಗಿದ ಮೇಲೆ ಹೊಟ್ಟು ಗುಡಿಸಿ, ಬೆಡ್‌ಗೆ ಮೇಣ ಉಜ್ಜಿ. ಹಸಿ ಹೊಟ್ಟನ್ನು ರಾತ್ರಿಯಿಡೀ ಬೆಡ್ ಮೇಲೆ ಬಿಡಬೇಡಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ, ಹತ್ತಿ ಬಟ್ಟೆ ಹೊದಿಸಿ.

ಮೊದಲು ಏನು ಮಾಡಲಿ?

ನಿಮ್ಮದೇ ಉಳಿಗೆ ಹಿಡಿಕೆ. ಆಮೇಲೆ ಲಟ್ಟಣಿಗೆ. ಉದ್ದಕ್ಕೂ ಒಂದೇ ದಪ್ಪ ತರುವುದು ಸುಲಭ ಅಂತ ಕಾಣುತ್ತದೆ, ಮಾಡಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಉಳಿಯನ್ನು ಟೂಲ್‌ರೆಸ್ಟ್‌ಗೆ ಊರಿ, ಆಮೇಲೆ ಇಳಿಜಾರು ಮುಖವನ್ನು ಕಟ್ಟಿಗೆಗೆ ತಾಗಿಸಿ, ಕೊನೆಗೆ ಹಿಡಿಕೆ ನಿಧಾನ ಎತ್ತಿ. ಸರಿ ಕೊಯ್ದಾಗ ಸದ್ದು ಮೆತ್ತಗಾಗಿ ಹೊಟ್ಟು ಸುರುಳಿಯಾಗಿ ಬರುತ್ತದೆ. ಬರೀ ಪುಡಿ ಉದುರುತ್ತಿದ್ದರೆ ಲೇತ್ ನಿಲ್ಲಿಸಿ, ಗ್ರೈಂಡರ್ ಕಡೆ ಹೋಗಿ.

ಮಕ್ಕಳಿಗೆ ಕಲಿಸಬಹುದಾ?

ಲೇತ್ ಎತ್ತರಕ್ಕೆ ಮೊಣಕೈ ಬರುವಷ್ಟು ಬೆಳೆದಿದ್ದರೆ, ನೀವು ಪಕ್ಕದಲ್ಲೇ ನಿಂತಿದ್ದರೆ ಕಲಿಸಿ. ಬಗರಿ ಮಾಡಿಸಿ. ಸಣ್ಣ ತುಂಡು, ಬೇಗ ಮುಗಿಯುತ್ತದೆ, ಮುಗಿದ ಕೂಡಲೇ ಅಂಗಳದಲ್ಲಿ ಆಡಬಹುದು. ಕೋಣೆಯಿಂದ ಹೊರಗೆ ಬರುವಾಗ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲಿಗೆ ಬೀಗ ಹಾಕಿ.